ಮೊಳೆಗೆ ನೇತುಹಾಕಿದ ಬೆಲ್ಟು

“ಗುರುಗಳೇ, ಹೇಳುವವನ ಮನಸ್ಸಿನಲ್ಲಿ ಸ್ವಾರ್ಥವಿದೆ ಎಂದು ಅನುಮಾನ ಬಂದರೆ, ಅವನು ಹೇಳಿದ ಮಾತನ್ನು ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

“ಅನುಮಾನ ಬರಲಿ ಬಿಡು, ನನಗೂ ಬೇಕಾದಷ್ಟಿದೆ,” ಎಂದು ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡಲು ಬೊಂಬಿನ ಸಾರವೆ ಕಟ್ಟಿದ್ದರು. ಅದರ ಹಲಗೆಯ ಮೇಲೆ ಒಬ್ಬ ಗಾರೆಯವನು ನಿಂತು ಕೆಲಸ ಮಾಡುತ್ತಿದ್ದ. ಒಬ್ಬ ಹೆಂಗಸು ಅವನಿಗೆ ಬಾಂಡ್ಲಿಯಲ್ಲಿ ಗಾರೆ ತಂದುಕೊಡುತ್ತಿದ್ದಳು.

ಒಂದು ದಿನ ಗುತ್ತಿಗೆದಾರ ಎಲ್ಲರಿಗೂ ಹೆಲ್ಮೆಟ್ಟು, ಮೇಲಿಂದ ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟು ಹಂಚಿದ. ತರಬೇತಿ ಕೊಡುವವನೊಬ್ಬ ಬಂದು, ಬೆಲ್ಟಿನ ಕೊಕ್ಕೆಯನ್ನು ಸಾರವೆಗೆ ಹಾಕಬೇಡಿ, ಕಟ್ಟಡದ ಕಂಬಕ್ಕೆ ಹಾಕಿ ಎಂದು ಒಂದು ಗಂಟೆ ಹೇಳಿಕೊಟ್ಟ. ಫೋಟೋ ತೆಗೆದರು. ಕೊನೆಗೆ ಹೆಬ್ಬೆಟ್ಟು ಒತ್ತಲು ಒಂದು ಕಾಗದ ಬಂತು.

ಗಾರೆಯವನ ಎದೆಗೆ ಅನುಮಾನದ ಹುಳ ಹೊಕ್ಕಿತು. ಇಪ್ಪತ್ತು ವರ್ಷ ತನ್ನ ತಲೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಇವತ್ತೇನು ಇಷ್ಟು ಅಕ್ಕರೆ? ಓದು ಬಲ್ಲ ಆ ಹೆಂಗಸಿನ ಕೈಗೆ ಕಾಗದ ಕೊಟ್ಟ. ಬೆಲ್ಟು ಕೊಟ್ಟಿದ್ದೇವೆ, ಕಲಿಸಿದ್ದೇವೆ, ಹಾಕಿಕೊಳ್ಳದೆ ಬಿದ್ದರೆ ನಾವು ಹೊಣೆಯಲ್ಲ ಎಂದು ಅದರಲ್ಲಿತ್ತು.

ಹೆಬ್ಬೆಟ್ಟು ಒತ್ತದಿದ್ದರೆ ಕೆಲಸವಿಲ್ಲ. ಗಾರೆಯವನು ಹಲ್ಲು ಕಚ್ಚಿ ಒತ್ತಿದ. ಆಮೇಲೆ ಬೆಲ್ಟನ್ನು ಗೋಡೆಯ ಮೊಳೆಗೆ ನೇತುಹಾಕಿದ, ಹೆಲ್ಮೆಟ್ಟಿನಲ್ಲಿ ಎಲೆಯಡಿಕೆ ಇಟ್ಟುಕೊಂಡ. ಗುತ್ತಿಗೆದಾರನಿಗೆ ತಕ್ಕ ಶಾಸ್ತಿ ಮಾಡಿದೆ ಎಂದು ಅವನಿಗೆ ಸಮಾಧಾನವಾಯಿತು.

ಆ ಹೆಂಗಸಿಗೂ ನಂಬಿಕೆ ಬರಲಿಲ್ಲ. ಅವಳು ತನ್ನ ಬೆಲ್ಟಿಗೆ ಮರಳಿನ ಚೀಲ ಕಟ್ಟಿ ತೂಗಬಿಟ್ಟು ನೋಡಿದಳು. ಹೊಲಿಗೆ ಬಿಟ್ಟಿತು. ಅದನ್ನು ಗುತ್ತಿಗೆದಾರನ ಮೇಜಿನ ಮೇಲೆ ಎಸೆದು, ಜಗಳವಾಡಿ ಬೇರೊಂದು ತಂದಳು. ಅದನ್ನೂ ದಿನಾ ಜಗ್ಗಿ ನೋಡಿಯೇ ಹಾಕಿಕೊಂಡಳು.

ಗಾರೆಯವನು ನಕ್ಕ. “ಏನಮ್ಮಾ, ಆ ಕಳ್ಳನ್ನ ನಂಬ್ಬಿಟ್ಯಾ?”

“ನಂಬಿದ್ರೆ ದಿನಾ ಜಗ್ಗಿ ನೋಡ್ತಿದ್ನಾ ಮೇಸ್ತ್ರಿ?” ಎಂದಳು ಅವಳು.

ಒಂದು ವಾರದ ಮೇಲೆ ಸಾರವೆಯ ಕಟ್ಟು ಸಡಿಲಿ ಹಲಗೆ ಜಾರಿತು. ಹೆಂಗಸು ಕಂಬಕ್ಕೆ ಹಾಕಿದ್ದ ಬೆಲ್ಟಿನಲ್ಲಿ ಜೋತುಬಿದ್ದು ಕೂಗಿಕೊಂಡಳು. ಗಾರೆಯವನು ಮೂರನೆಯ ಅಂತಸ್ತಿನಿಂದ ನೆಲಕ್ಕೆ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ನಮ್ಮ ಗತಿಯೇನು ಎಂದು ಅವನ ಹೆಂಡತಿ ಗುತ್ತಿಗೆದಾರನನ್ನು ಕೇಳಲು ಹೋದಳು. ಅವನು ಡ್ರಾಯರ್ ಎಳೆದು ಕಾಗದ ತೆಗೆದು ಅವಳ ಮುಂದಿಟ್ಟ.

ಶಿಷ್ಯನಿಗೆ ಸಿಟ್ಟು ಬಂತು. “ಅಂದರೆ ಗಾರೆಯವನ ಅನುಮಾನ ಸರಿಯೇ ಆಗಿತ್ತಲ್ಲ, ಗುರುಗಳೇ!”

“ನೂರಕ್ಕೆ ನೂರು ಸರಿ,” ಎಂದರು ಗುರುಗಳು. “ಆ ಕಾಗದಕ್ಕೆ ಬೇಕಾಗಿದ್ದುದು ಅವನು ಬೆಲ್ಟು ಬಿಚ್ಚಿಡುವುದೊಂದೇ, ಅದನ್ನು ಅವನು ತಪ್ಪದೆ ನಡೆಸಿಕೊಟ್ಟ.”