ಗಿಳಿ ಒಪ್ಪಿಸಿದ ಮದ್ದು

ಮರಿ ಭೇದಿಯಿಂದ ಸೊರಗಿ ಮಲಗಿದ್ದನ್ನು ಕಂಡು ತಾಯಿ ಮೊಲ ಮದ್ದು ತರಲು ಓಡಿ ಹೊರಟಿತು. ಕಾಡಿಗೆಲ್ಲ ಮದ್ದು ಕೊಡುವ ಪಂಡಿತ ಕರಡಿಯ ಗುಹೆ ಇದ್ದದ್ದು ಗುಡ್ಡದ ಆಚೆ. ಆ ಗುಹೆಯ ಬಾಗಿಲ ಮರದಲ್ಲೇ ವಾಸವಾಗಿದ್ದ ಗಿಳಿ ಅಷ್ಟರಲ್ಲಿ ಹಾರಿಬಂತು.

“ಅಷ್ಟು ದೂರ ಯಾಕೆ ಓಡುತ್ತೀಯಮ್ಮ? ಭೇದಿಗೆ ಪಂಡಿತರು ಹೇಳಿದ ಮದ್ದು ನನಗೆ ಬಾಯಿಪಾಠ,” ಎಂದು ಗಿಳಿ ಕರಡಿಯ ಗಡಸು ದನಿಯಲ್ಲೇ ಒಪ್ಪಿಸಿತು: “ಒಂದು ಬುಟ್ಟಿ ದಾಳಿಂಬೆ ಸಿಪ್ಪೆ ಅರೆದು, ಒಂದೇ ಸಲಕ್ಕೆ ಕುಡಿಸತಕ್ಕದ್ದು!”

ಆ ದನಿ ಕೇಳಿಯೇ ಮೊಲಕ್ಕೆ ಹೋದ ಜೀವ ಬಂದಂತಾಯಿತು. ಬುಟ್ಟಿ ತುಂಬ ಸಿಪ್ಪೆ ಆಯ್ದು ತಂದು ಅರೆಯಲು ಕೂತಿತು. ಪಕ್ಕದಲ್ಲಿ ಮಲಗಿದ್ದ ಮರಿ ಆ ಬುಟ್ಟಿಗಿಂತ ಚಿಕ್ಕದಿತ್ತು. ಮೊಲದ ಕೈ ನಿಂತಿತು.

“ಗಿಳಿಯಣ್ಣ, ಪಂಡಿತರು ಇದನ್ನು ಯಾರಿಗೆ ಹೇಳಿದ್ದು?”

“ಯಾರಿಗಾದರೇನು? ಒಂದಕ್ಷರ ತಪ್ಪಿದ್ದರೆ ಹೇಳು!”

“ಯಾರಿಗೆ ಅಂತ ಕೇಳಿದೆ.”

“ಆನೆಗೆ.”

ಮೊಲ ಬುಟ್ಟಿಯನ್ನು ಬೋರಲು ಹಾಕಿತು. ಮರಿಯನ್ನು ಬೆನ್ನಿಗೇರಿಸಿಕೊಂಡು ಗುಡ್ಡದತ್ತ ತಿರುಗಿ ಹೇಳಿತು: “ಮಾತು ಪಂಡಿತರದೇ, ಒಪ್ಪಿದೆ. ಆದರೆ ಹೊಟ್ಟೆ ಆನೆಯದು.”