ಎಡಮಂಡಿಯ ಪ್ರದಕ್ಷಿಣೆ

ಇತ್ತ ಬನ್ನಿ, ಇನ್ನೂ ಹತ್ತಿರ. ಗೋಡೆಗೂ ಕಿವಿ ಇರುತ್ತದೆ, ಮೆಲ್ಲಗೆ ಹೇಳುತ್ತೇನೆ. ಪುಟ್ಟಗೌರಮ್ಮ ಹೇಳಿದಳು ಅಂತ ಎಲ್ಲಾದರೂ ಬಾಯಿ ಬಿಟ್ಟಿರೋ, ನಿಮ್ಮ ಮಕ್ಕಳಾಣೆ.

ನನ್ನ ಎದುರುಮನೆ ಅಂದರೆ ಆಶ್ರಮ. ಹೊಳೆದಂಡೆಯಲ್ಲಿ ಒಂದು ಪುಟ್ಟ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಸವಣ್ಣ, ಬುಡದ ಸುತ್ತ ಕಾಲುದಾರಿ. ಚಿದಂಬರಯ್ಯ ಗುರುಗಳು ಅಲ್ಲಿಯ ಹಿರಿಯರು. ನಾನು ಜಗಲಿಯ ಕಂಬಕ್ಕೆ ಒರಗಿ, ಕಾಲು ಚಾಚಿ, ಕತ್ತು ಬಲಕ್ಕೆ ತಿರುಗಿಸಿದರೆ ಎಲ್ಲಾ ಕಾಣುತ್ತದೆ. ನಾನು ನೋಡುವುದಲ್ಲ, ಅದಾಗಿ ಕಾಣುತ್ತದೆ.

ಗುರುಗಳ ಶಿಷ್ಯೆ ಕಾತ್ಯಾಯಿನಿ. ಅಂಚೆ ಕಚೇರಿಯಲ್ಲಿ ಕೆಲಸ, ಮದುವೆಗೆ ಬಂದ ಮಗಳಿದ್ದಾಳೆ. ಅಂಥವಳು ದಿನಾ ಬೆಳಿಗ್ಗೆ ಗುಡ್ಡದ ಸುತ್ತ ಓಡುತ್ತಿದ್ದಳು.

"ಏನೇ ಇದು?" ಅಂದೆ.

"ಪ್ರದಕ್ಷಿಣೆ ಗೌರಮ್ಮಜ್ಜಿ, ಹರಕೆ," ಅಂದಳು.

ಬೂಟು ಹಾಕಿಕೊಂಡು ಹರಕೆ! ಆದರೂ ಸುಳ್ಳು ಯಾಕೆ ಹೇಳಲಿ, ಓಡಿದರೆ ಹಗ್ಗ ಬಿಚ್ಚಿದ ಕರುವಿನ ಹಾಗಿದ್ದಳು.

ಒಂದು ದಿನ ಕುಂಟುತ್ತಾ ಬಂದಳು. ನಾನು ಆಶ್ರಮದಲ್ಲಿ ದಾಸವಾಳ ಕೀಳುತ್ತಿದ್ದೆ, ಮಾತು ತಾನಾಗಿ ಕಿವಿಗೆ ಬಿತ್ತು.

"ಗುರುಗಳೇ, ಎಡಮಂಡಿ ಹಿಡಿದಿದೆ. ಮೆಟ್ಟಿಲು ಇಳಿಯೋಕಾಗಲ್ಲ. ಮನೇಲಿ ಎಲ್ಲರೂ ಓಟ ಬಿಡು ಅಂತಾರೆ."

"ಬಿಟ್ಟರೆ?"

"ಬಿಟ್ಟರೆ ನನ್ನದು ಅಂತ ಏನೂ ಉಳಿಯಲ್ಲ, ಗುರುಗಳೇ."

ಗುರುಗಳು ಎದ್ದು ಹೋಗಿ ತಂಬಿಗೆ ತುಂಬಾ ನೀರು ತಂದರು. ಅವಳು ಓಡುವ ದಾರಿಯಲ್ಲಿಟ್ಟರು. ನೀರು ಎಡಕ್ಕೆ ಚೆಲ್ಲಿತು.

"ದಾರಿ ಸುತ್ತಲೂ ಹೊರಕ್ಕೆ ಓರೆಯಾಗಿದೆ ಅಂತ ತಂಬಿಗೆ ಇಟ್ಟ ಕೂಡಲೇ ಹೇಳಿತು. ನಿನ್ನ ಮಂಡಿ ಯಾವಾಗಿಂದ ಹೇಳ್ತಾ ಇದೆ?"

ಅವಳು ಬಗ್ಗಿ ಮಂಡಿ ಸವರಿಕೊಂಡಳು.

"ನೋವು ಇಳಿಯೋ ತನಕ ಸುಮ್ಮನೆ ಕೂರು. ಆಮೇಲೆ ಒಂದು ದಿನ ಹೀಗೆ ಓಡು, ಒಂದು ದಿನ ತಿರುಗಿ ಹಾಗೆ ಓಡು."

"ಅಯ್ಯೋ! ಹಾಗೆ ಓಡಿದರೆ ಬಸವಣ್ಣ ಎಡಕ್ಕೆ ಬರ್ತಾನೆ. ಅಪ್ರದಕ್ಷಿಣೆ ಆಗುತ್ತೆ."

"ನೀನು ಓಡೋದು ಬಸವಣ್ಣನಿಗೋ?"

ನಾನು ಹೂ ಕೀಳುವುದು ಬಿಟ್ಟೆ.

"ಖುಷಿಗೆ, ಗುರುಗಳೇ. ಈ ವಯಸ್ಸಲ್ಲಿ ಹೆಂಗಸು ಖುಷಿಗೆ ಓಡ್ತಾಳೆ ಅಂದರೆ ಜನ ನಗ್ತಾರೆ."

"ಪ್ರದಕ್ಷಿಣೆ ನಡೆದು ಮಾಡು. ಖುಷಿಗೆ ಓಡು. ನೀನು ಒಂದರ ಸೆರಗಿನಲ್ಲಿ ಇನ್ನೊಂದನ್ನ ಮುಚ್ಚಿಟ್ಟು ಒಂದೇ ಕಡೆ ಸುತ್ತಿದೆ. ಅದರ ಭಾರ ಹೊತ್ತದ್ದು ಮಂಡಿ."

ಕೇಳಿದಿರಾ? ಹರಕೆಯೂ ಇಲ್ಲ, ಮಣ್ಣೂ ಇಲ್ಲ! ನನ್ನ ಹೊಟ್ಟೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಇದು?

ಗುರುಗಳು ಹೇಳಿದಂತೆ ಅವಳು ಕೂತಳು. ನೋವು ಇಳಿದ ಮೇಲೆ ಒಂದು ಬೆಳಿಗ್ಗೆ ಬರಿಗಾಲಲ್ಲಿ ನಡೆದು ಸುತ್ತು ಬಂದಳು, ಬಸವಣ್ಣನಿಗೆ ಕೈಮುಗಿದಳು. ಆಮೇಲೆ ಬೂಟು ಹಾಕಿ, ದೇವರನ್ನು ಎಡಕ್ಕಿಟ್ಟುಕೊಂಡು ಓಡಲು ನಿಂತಳು. ಅಷ್ಟರಲ್ಲಿ ಊರವರು ಬಂದಿದ್ದರು. ಹಾಲಿನ ಡೈರಿ ಮುಂದೆ ನಾನೊಂದು ಮಾತು ಆಡಿದ್ದೆ, ಅಷ್ಟೇ.

"ಹೆಣಕ್ಕೆ ಸುತ್ತೋ ಹಾಗೆ ದೇವರಿಗೆ ಸುತ್ತುತ್ತಾಳಂತೆ! ಇವಳನ್ನ ಆಶ್ರಮದಿಂದ ಆಚೆ ಕಳಿಸಿ, ಗುರುಗಳೇ," ಅಂತ ಒಬ್ಬ ಕೂಗಿದ.

ಕಾತ್ಯಾಯಿನಿ ಬೂಟಿನ ದಾರ ಬಿಚ್ಚಲು ಬಗ್ಗಿದಳು.

ಗುರುಗಳು ಪಂಚೆ ಎತ್ತಿ ಕಟ್ಟಿದರು. ಆ ಮುದಿ ಜೀವ, ಬಸವಣ್ಣನನ್ನು ಎಡಕ್ಕಿಟ್ಟುಕೊಂಡು, ಆ ಮಂದಿಯ ಮುಂದೆ ತಾವೇ ಕುಕ್ಕುಲೋಟ ಹೊರಟರು! ಬೈಯುವುದಿದ್ದರೆ ಮೊದಲು ಗುರುಗಳನ್ನೇ ಬೈಯಬೇಕು. ಯಾರ ಬಾಯಿ ಏಳುತ್ತದೆ?

ಅವಳು ದಾರ ಬಿಗಿದು ಹಿಂದೆ ಓಡಿದಳು. ಆಮೇಲೆ ಪಕ್ಕದಲ್ಲಿ. ಆಮೇಲೆ ಮುಂದೆ. ನನ್ನ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಂಬಲ್ಲ, ಬಿಡಿ.

ಹಾಗಂತ ಕೇಳದೆ ಇರಲು ಆಗುತ್ತದೆಯೇ? ಗುರುಗಳು ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತಾಗ ಹತ್ತಿರ ಹೋದೆ.

"ಅಲ್ಲ ಗುರುಗಳೇ, ಕಂಡದ್ದು ಹೇಳಬೇಕಲ್ಲ. ಶಿಷ್ಯೆಗೆ ಓಟ ಬಿಡು ಅನ್ನೋದು ಬಿಟ್ಟು, ನೀವೇ ಹೀಗೆ ಉಲ್ಟಾ ತಿರುಗೋದೇ?"

ಅವರು ನನ್ನನ್ನೇ ನೋಡಿದರು. ಮೂಗರಳಿಸಿದರು.

"ಮುಲಾಮಿನ ವಾಸನೆ. ಕತ್ತು ನೋವೇ, ಗೌರಮ್ಮನೋರೇ?"

"ಹೂಂ. ತುಂಬಾ ದಿನ ಆಯ್ತು."

"ಬಲಗಡೆ ಮಾತ್ರ, ಅಲ್ಲವೇ?"

ಕಾತ್ಯಾಯಿನಿ ನಗು ಮುಚ್ಚಲು ಸೆರಗಿಲ್ಲದೆ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಗುರುಗಳು ಮಾತ್ರ ನಗಲಿಲ್ಲ. ನನ್ನ ಮುಖಕ್ಕೇ ಹೇಳಿದರು:

"ನೋಡೋದು ಬಿಡಿ ಅಂತ ನಿಮಗೂ ಹೇಳಲ್ಲ. ಒಂದು ದಿನ ಕಂಬದ ಈಚೆಗೆ ಒರಗಿ ನೋಡಿ, ಒಂದು ದಿನ ಆಚೆಗೆ ಒರಗಿ ನೋಡಿ."