ಹುಣಸೆಮರದಲ್ಲಿ ಇಪ್ಪೆ ಹೂವು

ಸುಳ್ಳೆನಿಸಿದರೆ ಆ ಕೆರೆಯನ್ನೇ ಕೇಳಿ, ಅದೂ ಇದನ್ನೇ ಹೇಳುತ್ತದೆ. ಜಿಂಕೆಗೆ ಮನುಷ್ಯರ ವಾಸನೆ ಸಿಗಬಾರದೆಂದು ಬೇಟೆಗಾರ ದುರುಗ ಮೈತುಂಬ ಇಪ್ಪೆ ಹೂವಿನ ರಸ ಬಳಿದುಕೊಂಡು, ಕೆರೆದಂಡೆಯ ಹುಣಸೆಮರವೇರಿ ಬಾಣ ಹೂಡಿ ಕೂತಿದ್ದ. ಬಾಯಾರಿ ಬಂದ ಜಿಂಕೆ ಚುಕ್ಕವ್ವ ಮೂಗರಳಿಸಿದಳು. ಹುಣಸೆಮರ ಇಪ್ಪೆ ಹೂವಿನ ಹಾಗೆ ಘಮಘಮಿಸುವುದೆಂದರೇನು? ಓಡಿದರೆ ಬೆನ್ನಿಗೆ ಬಾಣ ಖಂಡಿತ. ಅವಳು ಓಡಲಿಲ್ಲ, ಪೊದೆಯ ಬುಡದಲ್ಲಿ ಮಣ್ಣಿಗೆ ಮೂಗು ಹುದುಗಿಸಿ ಗೆದ್ದಲು ಹೀರುತ್ತಿದ್ದ ಕರಡಿಯನ್ನು ಕೂಗಿದಳು.

“ಕರಡಿ ಮಾವ, ಆ ಮರದ ಮೇಲೆ ಇಪ್ಪೆ ಹೂವಿದೆ. ಎಲ್ಲಾ ನಿಮಗೇ ಇರಲಿ.”

ಇಪ್ಪೆ ಹೂವೆಂದರೆ ಕರಡಿಗೆ ಪ್ರಾಣ. ಸರಸರನೆ ಮರ ಹತ್ತಿದ. ದುರುಗನ ಕೈಯಿಂದ ಬಿಲ್ಲು ಜಾರಿತು.

“ಕರಡಿಯಣ್ಣ, ನಾನು ಹೂವಲ್ಲ, ಮನುಷ್ಯ.”

“ಮೂಸಿದರೆ ಹಾಗನಿಸುವುದಿಲ್ಲವಲ್ಲ ತಮ್ಮಾ. ಸ್ವಲ್ಪ ನೆಕ್ಕಿ ನೋಡಲೇ?”

ದುರುಗ ಕೆರೆಗೆ ಹಾರಿದ. ಕರಡಿ ಇಳಿದು ಬಂದು ದಂಡೆಯ ಮೇಲೆ ಕಾಯುತ್ತಾ ಕೂತ. ಕುತ್ತಿಗೆಮಟ್ಟದ ನೀರಲ್ಲಿ ನಿಂತು ದುರುಗ ಗಾಬರಿಯಿಂದ ಮೈ ತಿಕ್ಕತೊಡಗಿದ. ಆಚೆ ದಂಡೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದ ಚುಕ್ಕವ್ವ ತಲೆಯೆತ್ತಿ ಹೇಳಿದಳು:

“ನಿಧಾನವಾಗಿ ತಿಕ್ಕಿಕೊಳ್ಳಪ್ಪ. ಕಿವಿಯ ಹಿಂದೆ ಇನ್ನೂ ಉಳಿದಿದೆ.”